ಪೋಸ್ಟಪ್ಪನ ಕೆನ್ನೆ

ಬೇರೆಯವರಿಗೆ ಕಾಯಿಲೆ ಬಂದರೆ ಜನ ಮರುಗುತ್ತಾರೆ. ನನಗೆ ಬಂದರೆ ಮಾತ್ರ ಅದು ಹೇಗೋ ನಗೆಪಾಟಲಿಗೆ ತಿರುಗಿಬಿಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನನ್ನ ಬಲಗೆನ್ನೆಯ ಮೇಲೆ ಒಂದು ಹುಣ್ಣು ಎದ್ದಿತು. ಅದು ಹೋಗುವ ತನಕ ಒಂದರ ಹಿಂದೆ ಒಂದು ಇಂಥ ನಗೆಪಾಟಲುಗಳೇ ಆಗುತ್ತಿದ್ದವು.

ಆಗ ನಾನು ದೊಡ್ಡಬಳ್ಳಾಪುರದಲ್ಲಿ ಪೋಸ್ಟ್‌ಮ್ಯಾನ್. ಚೀಲ ಹೆಗಲಿಗೇರಿಸಿ ಹೊರಟರೆ ಒಂದು ದಿನ ರಾಜಘಟ್ಟದ ಕಡೆ, ಒಂದು ದಿನ ಮಾಕಳಿದುರ್ಗದ ಕಡೆ, ಬಿಸಿಲಲ್ಲೇ ನಡಿಗೆ. ಹಳ್ಳಿಗಳಲ್ಲಿ ಕಾಗದ ಕೈಗೆ ಕೊಟ್ಟರೆ ಸಾಲದು, ಓದಿ ಹೇಳಬೇಕು. ಜವಾಬನ್ನೂ ನಾನೇ ಬರೆಯಬೇಕು. ಹೀಗೆ ಹದಿನೆಂಟು ವರ್ಷ ಊರೆಲ್ಲರ ಯೋಗಕ್ಷೇಮ ಬರೆದಿದ್ದೆ. ಅವರ ಬಾಯಲ್ಲಿ ನಾನು ‘ಪೋಸ್ಟಪ್ಪ’. ನನ್ನ ಹೆಸರು ಏನೆಂದು ಯಾರೂ ಕೇಳಿದ್ದಿಲ್ಲ.

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ. ಮದುವೆಯಾದ ಎರಡನೇ ವರ್ಷ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಅಷ್ಟು ವರ್ಷ ಹೊತ್ತ ಚೀಲದಲ್ಲಿ ನನ್ನ ಹೆಸರಿಗೆ ಒಂದು ಕಾರ್ಡೂ ಬಂದಿರಲಿಲ್ಲ.

ಊರಿಗೊಂದು ಮದ್ದು

ಹುಣ್ಣು ಮೊದಲು ಕಡಲೆಕಾಳಿನಷ್ಟಿತ್ತು. ನೋವಿಲ್ಲ, ತುರಿಕೆಯಿಲ್ಲ. ಹಕ್ಕಳೆ ಕಟ್ಟುವುದು, ಉದುರುವುದು, ಮತ್ತೆ ರಕ್ತ ಜಿನುಗುವುದು. ಹೀಗೇ ಎರಡು ವರ್ಷ ಕಳೆಯಿತು.

ನನ್ನ ದಾರಿಯಲ್ಲಿ ಎಷ್ಟು ಹಳ್ಳಿಯೋ ಅಷ್ಟು ಮದ್ದು. ಒಂದೂರಿನಲ್ಲಿ ಅರಿಶಿನ ಮೆತ್ತಿದರು, ಇನ್ನೊಂದೂರಿನಲ್ಲಿ ಸುಣ್ಣಬೆಲ್ಲ, ಮತ್ತೊಂದರಲ್ಲಿ ಹೊಗೆಸೊಪ್ಪು ಅಗಿದು ಅಂಟಿಸಿದರು. ಒಂದೂರಿನ ಮದ್ದು ಇನ್ನೊಂದೂರಿನವರ ಕಣ್ಣಿಗೆ ಬಿದ್ದರೆ ಮುನಿಸು. ಹೀಗಾಗಿ ಪ್ರತಿ ಊರಿನ ಮುಂದಿನ ಕೆರೆಯಲ್ಲಿ ಕೆನ್ನೆ ತೊಳೆದು, ಹೋದ ಸಲ ಅವರು ಕೊಟ್ಟದ್ದನ್ನು ಹಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಕಾಗದದ ಚೀಲದಲ್ಲಿ ಮದ್ದಿನ ಪೊಟ್ಟಣಗಳೇ ಜಾಸ್ತಿಯಾದವು.

ಕೊನೆಗೆ ಪೋಸ್ಟ್‌ಮಾಸ್ಟರು ಗದರಿ ನನ್ನನ್ನು ತಾಲ್ಲೂಕು ಆಸ್ಪತ್ರೆಗೆ ಅಟ್ಟಿದರು. ಡಾಕ್ಟರು ಮುಖ ನೋಡಿ, “ಮೊದ್ಲು ಈ ಅಡಿಗೇನೆಲ್ಲ ತೊಳ್ಕೊಂಡ್ ಬಾರಯ್ಯ” ಎಂದರು. ತೊಳೆದು ಬಂದೆ. ಬೆಳಕಿಗೆ ತಿರುಗಿಸಿ, ಹುಣ್ಣಿನ ಅಂಚನ್ನು ಒತ್ತಿ ನೋಡಿದರು.

“ಇದು ಚರ್ಮದ ಕ್ಯಾನ್ಸರು. ಹೆದರ್ಬೇಡ, ನಿಧಾನವಾಗಿ ಬೆಳೆಯೋ ಜಾತಿ. ಕತ್ತರಿಸಿ ತೆಗೆದ್ರೆ ಹೋಗತ್ತೆ. ಆದ್ರೆ ಬೇಗ ತೆಗೀಬೇಕು.”

“ಎಷ್ಟು ಬೇಗ ಸ್ವಾಮಿ?”

“ಎರಡು ವರ್ಷದ ಹಿಂದೆ.”

ನಿಮ್ಮೋರು ಯಾರು?

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು. ರೈಲು ಹತ್ತಿ ಹೋದೆ. ಅಲ್ಲಿನ ಗುಮಾಸ್ತರು ದಪ್ಪ ಪುಸ್ತಕ ತೆಗೆದು ಹೆಸರು, ಊರು, ಕಸುಬು ಎಲ್ಲ ಬರೆದುಕೊಂಡರು. ಆಮೇಲೆ, “ಜೊತೇಲಿ ಬಂದಿರೋರು?” ಎಂದರು.

“ಯಾರೂ ಇಲ್ಲ.”

“ಊರಲ್ಲಿ?”

“ಅಲ್ಲೂ ಇಲ್ಲ.”

ಅವರಿಗೆ ರೇಗಿತು. ಬರೆಯುವ ಅಂಕಣದಲ್ಲಿ ಒಂದು ಮನೆ ಖಾಲಿ ಬಿಟ್ಟರೂ ಪುಸ್ತಕ ಕೆಡುತ್ತದೆ ಎನ್ನುವ ಜಾತಿಯ ಮನುಷ್ಯ. “ಅಲ್ರೀ, ಆಪರೇಷನ್ ಅಂದ್ಮೇಲೆ ಏನ್ ಬೇಕಾದ್ರೂ ಆಗ್ಬಹುದು. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರಿಗೇಂತ ಕಾಗದ ಹಾಕೋದು?”

“ಯಾರಿಗೆ ಹಾಕಿದ್ರೂ ಆ ಕಡೆ ಅದನ್ನ ಮುಟ್ಟಿಸಬೇಕಾದೋನು ನಾನೇ ಸ್ವಾಮಿ,” ಎಂದೆ.

ಅವರು ಲೇಖಣಿ ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ‘ರೋಗಿಯ ಕಡೆಯವರು’ ಎಂದಿದ್ದ ಆ ಮನೆಯಲ್ಲಿ ‘ಅವರೇ’ ಎಂದು ಬರೆದರು.

ಸೀಸೆಯ ವಿಳಾಸ

ಮೇಜಿನ ಮೇಲೆ ಮಲಗಿಸಿದಾಗ ಎಚ್ಚರ ತಪ್ಪಿಸುತ್ತಾರೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಕೆನ್ನೆಗೆ ನಾಲ್ಕೈದು ಕಡೆ ಸೂಜಿ ಚುಚ್ಚಿದರು. ಅದಷ್ಟೇ ಉರಿ. ಆಮೇಲೆ ಕೆನ್ನೆ ಯಾರದೋ ಆಯಿತು. ಕತ್ತರಿಯ ಸದ್ದು ಕೇಳುತ್ತಿತ್ತು, ಎಳೆದಾಟ ತಿಳಿಯುತ್ತಿತ್ತು, ನೋವಿಲ್ಲ.

ಸರ್ಜನ್ನರು ಒಳ್ಳೆಯವರು, ಕೆಲಸ ಮಾಡುತ್ತಲೇ ವಿವರಿಸಿದರು. ಹುಣ್ಣಿನ ಸುತ್ತ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯಬೇಕು, ಇಲ್ಲದಿದ್ದರೆ ಬೇರು ಉಳಿಯುತ್ತದೆ. ಆದ ಗುಳಿಗೆ ತೊಡೆಯಿಂದ ತೆಳ್ಳಗೆ ಚರ್ಮ ಸುಲಿದು ಹೊಲಿಯಬೇಕು. ಒಂದು ಮಾತು ಮಾತ್ರ ಅವರು ಮೊದಲೇ ಹೇಳಲಿಲ್ಲ. ಕೆನ್ನೆಗಿಂತ ತೊಡೆಯೇ ಹತ್ತು ದಿನ ಹೆಚ್ಚು ಉರಿಯುತ್ತದೆ.

ತೆಗೆದ ತುಂಡನ್ನು ಒಂದು ಸೀಸೆಗೆ ಹಾಕಿದರು. ಪರೀಕ್ಷೆಗೆ ಕಳಿಸುತ್ತಾರಂತೆ, ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ನೋಡಲು. ಕಳಿಸುವುದು ಎಂದದ್ದೇ ತಡ, ನನ್ನ ಕಸುಬು ಎದ್ದು ಕೂತಿತು.

“ಸೀಸೆ ಮೇಲೆ ಹೆಸರು ಬರೆದಿದೀರಾ ಸ್ವಾಮಿ?”

“ಬರೆದಿದೆ. ಮಾತಾಡ್ಬೇಡಿ.”

“ಊರು? ತಾಲ್ಲೂಕು? ವಿಳಾಸ ಪೂರ್ತಿ ಇಲ್ದಿದ್ರೆ ನಾವು ವಾಪಸ್ ಕಳಿಸಿಬಿಡ್ತೀವಿ.”

ಸರ್ಜನ್ನರು ಸೂಜಿ ಹಿಡಿದ ಕೈ ನಿಲ್ಲಿಸಿ ನರ್ಸಮ್ಮನಿಗೆ ಹೇಳಿದರು: “ಊರು, ತಾಲ್ಲೂಕು ಎಲ್ಲ ಬರೀರಮ್ಮ. ಇದೊಂದು ವಾಪಸ್ ಬರೋದು ಬೇಡ.”

ನಗುವಂತಿಲ್ಲ

ಅಪ್ಪಣೆ ಏನೆಂದರೆ, ಏಳು ದಿನ ಮಾತಾಡಬಾರದು, ಅಗಿಯಬಾರದು, ಮುಖ್ಯವಾಗಿ ನಗಬಾರದು. ಕೆನ್ನೆ ಅಲುಗಿದರೆ ಹೊಸ ಚರ್ಮ ಬೇರು ಹಿಡಿಯುವುದಿಲ್ಲ. ನಗಿಸುವವರು ಯಾರಿದ್ದಾರೆ ಎಂದುಕೊಂಡೆ. ವಾರ್ಡಿಗೆ ದಿನಾ ಕಾಗದ ಬರುತ್ತಿತ್ತು. ಹಂಚುವವನ ಹೆಜ್ಜೆ ಕೇಳಿದರೆ ನನ್ನ ತಲೆ ತಾನಾಗಿ ಏಳುತ್ತಿತ್ತು. ಅವನು ಮುಂದೆ ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಪಕ್ಕದ ಮಂಚದಲ್ಲಿ ದೇವನಹಳ್ಳಿ ಕಡೆಯ ಒಬ್ಬ ಗೌಡರು, ಕಾಲಿನ ಆಪರೇಷನ್ ಆದವರು. ಸಂಜೆಯಾದರೆ ಅವರನ್ನು ನೋಡಲು ಅರ್ಧ ಊರು. ಮಂಚದ ಸುತ್ತ ಜಾಗ ಸಾಲದು. ಮೂರನೇ ದಿನ ಗೌಡರ ಹೆಂಡತಿ ನನ್ನನ್ನು ನೋಡಿ, “ಪಾಪ, ಈವಯ್ಯನ ತಾವ ಒಂದು ನರಪಿಳ್ಳೇನೂ ಇಲ್ವಲ್ಲಾ” ಎಂದು, ತಮ್ಮವರಲ್ಲೇ ಮಿಕ್ಕಿದವರನ್ನು ನನ್ನ ಮಂಚಕ್ಕೆ ಹಂಚಿಕೊಟ್ಟರು. ದಿನಕ್ಕೊಬ್ಬರಂತೆ ಬಂದು ಕೂತರು.

ಒಂದು ದಿನ ಒಬ್ಬ ದೊಡ್ಡ ಹೆಂಗಸು ಬಂದು, ರೋಗಿಯ ಪಕ್ಕ ಕೂತ ಮೇಲೆ ಅಳದಿದ್ದರೆ ಮರ್ಯಾದೆಯಲ್ಲ ಎಂದು ಸೆರಗು ಬಾಯಿಗಿಟ್ಟು ಅಳತೊಡಗಿದಳು. ನರ್ಸಮ್ಮ ಗಾಬರಿಯಾಗಿ ಓಡಿ ಬಂದರು.

“ಇವರಿಗೆ ನೀವೇನಾಗ್ಬೇಕು?”

ಹೆಂಗಸು ಕಣ್ಣೊರೆಸಿಕೊಂಡಳು. “ಯಾರಿಗ್ಗೊತ್ತವ್ವಾ. ಐದು ಗಂಟೆ ಗಂಟ ನನ್ ಪಾಳಿ.”

ಹಲ್ಲು ಕಚ್ಚಿ, ದಿಂಬು ಹಿಡಿದು, ಹೆಂಡತಿ ಸತ್ತ ದಿನ ನೆನೆಸಿಕೊಂಡು ನಗು ತಡೆದೆ. ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಆಕೆ ಇನ್ನೂ ಜೋರಾಗಿ ಅತ್ತಳು.

ಹುಟ್ಟಿದ್ದೆಲ್ಲಿ?

ಎಂಟನೇ ದಿನ ಕಟ್ಟು ಬಿಚ್ಚಿದರು. ಚರ್ಮ ಹಿಡಿದಿತ್ತು. ಪರೀಕ್ಷೆಯ ವರದಿಯೂ ಬಂತು, ಅಂಚಿನಲ್ಲಿ ರೋಗ ಉಳಿದಿರಲಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಬೇಕು ಎಂದರು. ತೊಡೆ ಪೂರ್ತಿ ಮಾಯುವ ತನಕ ಇಟ್ಟುಕೊಂಡು, ಆರನೇ ವಾರ ಬಿಟ್ಟರು. ಕೆನ್ನೆಯಲ್ಲಿ ರೂಪಾಯಿಯಗಲದ ಬಿಳಿಚಿದ ತೇಪೆ. ಅಲ್ಲಿ ನೊಣ ಕೂತರೂ ತಿಳಿಯುವುದಿಲ್ಲ.

ಊರಿಗೆ ಬಂದವನೇ ಕ್ಷೌರಕ್ಕೆ ಕೂತೆ. ಕ್ಷೌರದವನು ಎಡಗೆನ್ನೆ ಮುಗಿಸಿ, ಬಲಗೆನ್ನೆಗೆ ಬಂದು ಕತ್ತಿ ಎತ್ತಿಕೊಂಡ.

“ಇದು ತೊಡೆ ಚರ್ಮವಂತೆ, ಹೌದಾ?”

“ಹೌದಪ್ಪ.”

“ತಪ್ಪು ತಿಳ್ಕೋಬೇಡಿ. ನಮ್ಮಪ್ಪನ ಕಾಲದಿಂದ್ಲೂ ನಾವು ಸೊಂಟದಿಂದ ಮೇಲಕ್ಕೆ ಮಾತ್ರ.”

“ಇದೂ ಸೊಂಟದ ಮೇಲೇ ಐತಲ್ಲಯ್ಯಾ!”

“ಈಗ ಐತೆ ಸ್ವಾಮಿ. ಹುಟ್ಟಿದ್ದೆಲ್ಲಿ?”

ಒಂದು ಕಾರ್ಡು

ಮತ್ತೆ ಚೀಲ ಹೊತ್ತು ಹೊರಟೆ. ಆರು ವಾರ ಆಸ್ಪತ್ರೆಯಲ್ಲಿದ್ದೆ, ಒಬ್ಬರೂ ಒಂದು ಗೆರೆ ಬರೆಯಲಿಲ್ಲವಲ್ಲ ಎಂಬ ಸಂಕಟ ಎದೆಯಲ್ಲಿತ್ತು. ದಾರಿಯ ಹಳ್ಳಿಗಳಲ್ಲಿ ಕೇಳಿದ್ದು ಒಂದೇ ಮಾತು, “ಎಲ್ಲೋಗಿದ್ದೆ ಪೋಸ್ಟಪ್ಪಾ, ನಮ್ ಕಾಗ್ದ ಎಲ್ಲಾ ತಡ ಆಗೋಯ್ತು!” ಸತ್ತಿದ್ದರೂ ಹೀಗೇ ಅನ್ನುತ್ತಿದ್ದರು ಎಂದುಕೊಂಡೆ.

ರಾಜಘಟ್ಟದಲ್ಲಿ ಒಬ್ಬ ಅಜ್ಜಿ, ಮಗಳಿಗೆ ನನ್ನ ಕೈಲೇ ಕಾಗದ ಬರೆಸುವವಳು. ನನ್ನನ್ನು ಕಂಡದ್ದೇ ಒಳಗೆ ಹೋಗಿ, ಅಕ್ಕಿ ಮಡಕೆಯಿಂದ ಒಂದು ಕಾರ್ಡು ತೆಗೆದುಕೊಂಡು ಬಂದಳು.

“ಕೂತ್ಕಾ. ಬರಿ.”

ಹೇಗಿದ್ದೀಯ ಎಂದೂ ಕೇಳಲಿಲ್ಲ. ಮುಖ ಗಂಟು ಹಾಕಿಕೊಂಡೇ ಲೇಖಣಿ ತೆಗೆದೆ.

“ಕ್ಷೇಮ. ನಿನ್ ಕ್ಷೇಮಕ್ಕೆ ಬರ್ಸೋದು. ಕೆನ್ನೆ ಕುಯ್ದ್ರಂತೆ. ಬಾಳ ನೋಯ್ತಾ? ಗಂಜಿ ಗಿಂಜಿ ಕಾಯ್ಸಿಕೊಡೋರು ಅವ್ರಾ? ಯಾರೂ ಇಲ್ಲ ಅಂತ ಕೊರಗ್ಬೇಡ. ಬಿರ್ನೆ ಬಾ.”

ನನ್ನ ಕೈ ನಿಂತಿತು. “ಯಾರಿಗಜ್ಜಿ ಇದು?”

“ನಿಂಗೇ ಕಣಪ್ಪಾ. ನೀನ್ ಆಸ್ಪತ್ರೆಗೋದಾಗಿಂದ ಕಾರ್ಡ್ ಮಡಿಕ್ಕಂಡ್ ಕೂತಿವ್ನಿ. ಬರ್ಯೋನು ನೀನೊಬ್ನೇ. ನೀನೇ ಇಲ್ವಲ್ಲ!”

“ನಾನು ಬಂದೇ ಬಿಟ್ಟಿದ್ದೀನಲ್ಲಜ್ಜಿ!”

“ಬಂದ್ರೇನು? ಕೇಳ್ಬೇಕು ಅಂದ್ಕಂಡಿದ್ದು ಕೇಳ್ದಂಗೇ ಉಳ್ಕಬೇಕಾ?”

ಕಾರ್ಡನ್ನು ಜೇಬಿಗೆ ಹಾಕಿಕೊಂಡರೆ ಒಪ್ಪಲಿಲ್ಲ. “ಜೇಬಿಗೆ ಹಾಕ್ಕಂಡ್ರೆ ಅದು ಕಾಗ್ದ ಆಯ್ತದಾ? ಮುದ್ರೆ ಬೀಳ್ಬೇಕು.” ಅವಳು ಹೆಸರು ಕೇಳಿದಳು, ಹೇಳಿದೆ. ವಿಳಾಸ ಬರೆದು ಚೀಲಕ್ಕೆ ಹಾಕಿದೆ. ಮಾರನೆಯ ದಿನ ಆಫೀಸಿನಲ್ಲಿ ಮುದ್ರೆ ಬಿತ್ತು. ಅಂದಿನ ಕಾಗದವೆಲ್ಲ ಹಂಚಿ, ಕೊನೆಗೆ ಆ ಒಂದು ಕಾರ್ಡು ಹಿಡಿದು ನನ್ನ ಮನೆಯ ಮುಂದೆ ನಿಂತು, ಅಭ್ಯಾಸಬಲದಿಂದ “ಪೋಸ್ಟ್!” ಎಂದು ಕೂಗಿದೆ. ಆಮೇಲೆ ಬೀಗ ತೆಗೆದು ಒಳಗೆ ಹೋಗಿ ನಾನೇ ಇಸಿದುಕೊಂಡೆ. ನನ್ನ ಕೈಬರಹವೇ, ಆದರೂ ಮೂರು ಸಲ ಓದಿ ಅತ್ತುಬಿಟ್ಟೆ.

ರಾಜಘಟ್ಟದ ಸರದಿ ಮತ್ತೆ ಬಂದಾಗ ಅಜ್ಜಿ ಜಗಲಿಯ ಮೇಲೆ ಕಾಯುತ್ತಿದ್ದಳು.

“ನನ್ ಕಾಗ್ದ ಮುಟ್ತಾ?”

“ಮುಟ್ತಜ್ಜಿ.”

“ಮತ್ತೆ ಜವಾಬು ಎಲ್ಲಿ?”

ಅಲ್ಲೇ ಕೂತು ಜವಾಬು ಬರೆದು, ಚೀಲಕ್ಕೆ ಹಾಕಿಕೊಂಡೆ. ಓದಿ ಹೇಳುತ್ತೇನೆ ಎಂದು ನಾನೇ ಅವಸರಪಟ್ಟರೂ ಅವಳು ಕಿವಿ ಮುಚ್ಚಿಕೊಂಡು ಕೂತಳು, “ಈಗ್ಲೇ ಹೇಳ್ಬೇಡ, ನಂಗೆ ಬಂದ್ಮೇಲೆ ಓದು.”