ಮೆಣಸಿನಕಾಯಿ ಕೋಣೆಯ ಕೋರಂ

ಮನುಷ್ಯನಿಗೆ ಸ್ವಂತ ಮನೆ ಇರಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸ್ವಂತ ಮನೆ ಇರುವವರ ಸಂಘಕ್ಕೆ ಸೆಕ್ರೆಟರಿಯಾಗಬಾರದು. ಬಾಡಿಗೆ ಮನೆಯಲ್ಲಿದ್ದಾಗ ನನಗೆ ಒಬ್ಬನೇ ಮಾಲೀಕನಿದ್ದ. ಸೆಕ್ರೆಟರಿಯಾದ ಮೇಲೆ ನಲವತ್ತು ಜನರಾದರು. ನಾನು ಹುಟ್ಟಾ ಹಟಮಾರಿ. ಯಾರಾದರೂ "ಇದು ಆಗಂಗಿಲ್ಲ ಬಿಡ್ರಿ" ಅಂದರೆ ಸಾಕು, ಆ ಕೆಲಸ ನನಗೇ ಬೇಕು. ಬಳ್ಳಾರಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದಾಗ ಈ ಗುಣದಿಂದ ಮಕ್ಕಳಿಗೆ ಲಾಭವಾಯಿತೋ ಇಲ್ಲವೋ ಗೊತ್ತಿಲ್ಲ. ನನ್ನ ಮನೆಗೆ ಏನಾಯಿತೆಂಬುದು ಚೆನ್ನಾಗಿ ಗೊತ್ತಿದೆ.

ಎಪ್ಪತ್ತರ ದಶಕದ ಮಾತು. ಮೋಕಾ ಕಡೆ ಹೋಗುವ ರಸ್ತೆಯ ಪಕ್ಕ ಜಾಲಿ ಕಡಿದು ನಮ್ಮ ಗೃಹ ನಿರ್ಮಾಣ ಸಹಕಾರ ಸಂಘ ನಲವತ್ತು ಮನೆಗಳ ಕಾಲೊನಿ ಎಬ್ಬಿಸಿತ್ತು. ಮನೆ ಇತ್ತು, ಲೈಟಿತ್ತು, ನೀರಿರಲಿಲ್ಲ. ಕಾಲೊನಿಗೆಲ್ಲ ಒಂದೇ ಬೀದಿ ನಳ. ನನ್ನ ಹೆಂಡತಿ ಗಿರಿಜೆ ದಿನಾ ಬೆಳಿಗ್ಗೆ ಎಂಟು ಕೊಡ ನೀರು ಹೊತ್ತು, ಸೊಂಟ ಹಿಡಿದುಕೊಂಡು ಕೂರುತ್ತಿದ್ದಳು. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು. ನೀವೇಕೆ ಹೊರಲಿಲ್ಲ ಎಂದು ಕೇಳಬೇಡಿ. ನಾನು ನೀರಿಗಾಗಿ ಅರ್ಜಿ ಬರೆಯುತ್ತಿದ್ದೆ.

ಅರ್ಜಿಯ ಫಲವಾಗಿ ಮುನಿಸಿಪಾಲಿಟಿಯ ಓವರ್‌ಸೀಯರು ಟೇಪು ಹಿಡಿದು ಬಂದರು. ನಕ್ಷೆಯಲ್ಲಿ ಮೂವತ್ತಡಿ ಇದ್ದ ರಸ್ತೆ ನೆಲದ ಮೇಲೆ ಇಪ್ಪತ್ತೈದೇ ಅಡಿ ಇತ್ತು. ಉಳಿದ ಐದಡಿಯಲ್ಲಿ ಕಟ್ಟೆಗಳಿದ್ದವು. ನಮ್ಮ ಊರಿನ ಬಿಸಿಲಿಗೆ ಸಂಜೆ ಮನೆಯೊಳಗೆ ಕೂತವನು ಬೆಂದು ಹೋಗುತ್ತಾನೆ. ಹಾಗಾಗಿ ಜನ ಬಾಗಿಲಿಗೆ ಬಣ್ಣ ಬಳಿಯುವ ಮೊದಲೇ ಗೇಟಿನಾಚೆ ಕಡಪ ಕಲ್ಲು ಹಾಸಿ ಒಂದು ಕಟ್ಟೆ ಕಟ್ಟಿಬಿಡುತ್ತಾರೆ. ನಾನೂ ಕಟ್ಟಿದ್ದೆ.

"ಪೈಪು ಈ ಕಟ್ಟಿ ಕೆಳಗ ಹೋಗಬೇಕ್ರಿ," ಎಂದರು ಓವರ್‌ಸೀಯರು. "ಜನರಲ್ ಬಾಡಿ ಕರದು, ಕಟ್ಟಿ ಎಲ್ಲಾ ತಗೀತೀವಂತ ಠರಾವು ಮಾಡಿ ತರ್ರಿ. ಇಲ್ಲಾಂದ್ರ ನೀರಿನ ಮಾತು ಬಿಡ್ರಿ."

ಬಿಡ್ರಿ ಎಂದ ಮೇಲೆ ನಾನು ಬಿಡುವುದುಂಟೇ? ಅವತ್ತೇ ನೋಟೀಸು ಬರೆದೆ. ಆದರೆ ಸಭೆ ನಡೆಯಬೇಕಾದದ್ದು ಸಂಘದ ಕಚೇರಿಯಲ್ಲಿ. ಸಂಘ ಹುಟ್ಟುವಾಗ ಕಾಲೊನಿಯಲ್ಲಿ ಜಾಲಿ ಬಿಟ್ಟರೆ ಬೇರೇನೂ ಇರಲಿಲ್ಲವಾದ್ದರಿಂದ, ಅಧ್ಯಕ್ಷ ರುದ್ರಪ್ಪನವರ ಬಜಾರಿನ ಅಂಗಡಿಯ ಹಿಂದಿನ ಕೋಣೆಯನ್ನೇ ಕಚೇರಿಯೆಂದು ಬರೆಸಿದ್ದೆವು. ರುದ್ರಪ್ಪನವರದು ಮೆಣಸಿನಕಾಯಿ ವ್ಯಾಪಾರ. ಕೋರಂ ಆಗಲು, ಅಂದರೆ ಸಭೆ ಊರ್ಜಿತವಾಗಲು, ಇಪ್ಪತ್ತು ಜನ ಬೇಕು. ಮೊದಲ ಸಭೆಗೆ ಏಳು ಜನ ಬಂದು, ಚೀಲಗಳ ನಡುವೆ ಕೂತು, ಸೀನಿ ಸೀನಿ ಎದ್ದು ಹೋದರು. ಎರಡನೆಯದಕ್ಕೆ ಮೂವರು. ಮೂರನೆಯದಕ್ಕೆ ರುದ್ರಪ್ಪನವರು ಮತ್ತು ನಾನು. ಅವರಿಗೆ ಘಾಟಿನ ಅಭ್ಯಾಸವಿತ್ತು, ನನಗೆ ಹಟವಿತ್ತು.

ಕಣ್ಣೊರೆಸಿಕೊಳ್ಳುತ್ತ ಸಂಜೆ ಕಾಲೊನಿಗೆ ಮರಳಿದರೆ, ಮೂವತ್ತು ಸದಸ್ಯರು ಪಂಪಣ್ಣನವರ ಕಟ್ಟೆಯ ಮೇಲೂ ಅದರ ಸುತ್ತಲೂ ಕೂತು ಹರಟುತ್ತಿದ್ದರು. ಪಂಪಣ್ಣನವರು ರಿಟೈರಾದ ಬಸ್ ಡ್ರೈವರು. ಅವರ ಕಟ್ಟೆ ಹೆಚ್ಚುಕಡಿಮೆ ಬಸ್ಸಿನಷ್ಟೇ ಉದ್ದ.

"ಬರ್ರಿ ಸೆಕ್ರೆಟ್ರಿ ಸಾಹೇಬ್ರ, ಕುಂದ್ರ್ರಿ. ಮೀಟಿಂಗ್ ಹೆಂಗಾತು?" ಎಂದರು.

"ಈಗ ಸುರು ಆಗತೈತಿ," ಎಂದೆ ನಾನು. ಅಲ್ಲೇ ಸಂಘದ ನಡವಳಿ ಪುಸ್ತಕ ಬಿಚ್ಚಿ ಠರಾವು ಓದಿದೆ. ಪಂಪಣ್ಣನವರು, "ಕಟ್ಟಿ ಕೆಡವಿದ್ರ ನಾವೆಲ್ಲಿ ಕುಂದ್ರೂದು?" ಎಂದು ಗದರಿದರು. ಅಷ್ಟರಲ್ಲಿ ನಳದಿಂದ ಬಂದ ಗಿರಿಜೆ ತುಂಬಿದ ಕೊಡವನ್ನು ಅವರ ಮುಂದೆ ಇಳಿಸಿ, "ಪಂಪಣ್ಣಾರ, ಇದನ್ನ ನಮ್ಮ ಮನಿತನಕ ಹೊತ್ತು ಬರ್ರಿ, ಆಮ್ಯಾಲೆ ಮಾತಾಡೂಣು," ಎಂದಳು. ಪಂಪಣ್ಣನವರು ಕೊಡ ನೋಡಿದರು, ನಮ್ಮ ಮನೆಯ ದೂರ ನೋಡಿದರು, ಪೆನ್ನು ಕೇಳಿದರು. ಉಳಿದವರೂ ಸಹಿ ಹಾಕಿದರು.

ನಾನು ಗೆದ್ದೆನೆಂದುಕೊಂಡೆ. ಆದರೆ ಲೆಕ್ಕದ ಮೇಷ್ಟ್ರ ಪ್ರಾಮಾಣಿಕತೆ ನೋಡಿ: ನಡವಳಿ ಪುಸ್ತಕದಲ್ಲಿ "ಸಭೆ ನಡೆದ ಸ್ಥಳ" ಎಂಬಲ್ಲಿ ದುಂಡಗೆ "ಪಂಪಣ್ಣನವರ ಕಟ್ಟೆ" ಎಂದು ಬರೆದಿದ್ದೆ. ಠರಾವಿಗೆ ಒಪ್ಪಿಗೆ ಕೊಡಬೇಕಾದ ಸಹಕಾರ ಇಲಾಖೆಯ ಗುಮಾಸ್ತರು ಅದನ್ನೋದಿ ಕನ್ನಡಕ ತೆಗೆದರು. "ಏನ್ರಿ ಮಾಸ್ತರ, ಕಟ್ಟಿ ಮ್ಯಾಲೆ ಕುಂತು ಕಟ್ಟಿ ಕೆಡವೂ ಠರಾವೇನ್ರಿ? ಇದು ನಡಿಯಂಗಿಲ್ಲ, ಸಭಾ ಕಚೇರಿಯಾಗ ಆಗಬೇಕು. ಕಚೇರಿ ಬ್ಯಾರೆ ಕಡಿ ಮಾಡಾಕ ಕಮಿಟಿಯವರು ಐದು ಮಂದಿ ಸಾಕು. ಮೊದಲ ಅದನ್ನ ಮಾಡ್ರಿ."

ನಾವು ಐವರು ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಮೆಣಸಿನಕಾಯಿ ಕೋಣೆಯಲ್ಲಿ ಕೂತೆವು. ಕಚೇರಿಗೆ ಯಾರ ಮನೆ? ಒಬ್ಬರ ಮನೆಯಲ್ಲಿ ಬಾಣಂತಿ, ಒಬ್ಬರ ಮನೆಯಲ್ಲಿ ಅತ್ತೆ, ಇನ್ನೊಬ್ಬರಿಗೆ ಸುಮ್ಮನೆ ಕೆಮ್ಮು. ಕೊನೆಗೆ ನಾನೇ ಗುಡುಗಿದೆ: "ನಮ್ಮ ಪಡಸಾಲಿ ಅಂತ ಬರ್ಕೋರಿ!" ಟವೆಲಿನೊಳಗಿಂದ ನಾಲ್ವರೂ ಒಪ್ಪಿದರು. ಮನೆಯಲ್ಲಿ ಹೇಳಿದಾಗ ಗಿರಿಜೆ, "ಬಾಗಲಾ ತಗಿಯೂದು ಸುಲಭ ಐತ್ರಿ, ಮುಚ್ಚೂದು ಕಷ್ಟ," ಎಂದಳು. ಹೆಂಡತಿಯ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಇರಲಿಲ್ಲ.

ಮುಂದಿನ ಸಭೆಗೆ ಮೂವತ್ತಾರು ಜನ ಬಂದರು. ಗಿರಿಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡುತ್ತಾಳೆಂಬ ಸುದ್ದಿ ಹೇಗೋ ಹಬ್ಬಿತ್ತು. ಠರಾವು ಪಾಸಾಯಿತು. ವಾರದೊಳಗೆ ಕಟ್ಟೆಗಳು ಹೋದವು. ಪಂಪಣ್ಣನವರು ತಮ್ಮ ಕಟ್ಟೆಯನ್ನು ತಾವೇ ಹಾರೆಯಿಂದ ಕಿತ್ತು, ಕಲ್ಲುಗಳನ್ನು ಒಂದೊಂದಾಗಿ ಒಳಗೆ ಸಾಗಿಸುವುದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಆದರೆ ಎರಡು ತಿಂಗಳಿಗೆ ನಮ್ಮ ಅಂಗಳದಲ್ಲೇ ನಳ ಬಂತು. ಗಿರಿಜೆ ಅದರ ಕೆಳಗೆ ಕೊಡ ಇಟ್ಟು, ಅದು ತುಂಬಿ ಹೊರಚೆಲ್ಲುವವರೆಗೂ ನಗುತ್ತ ನಿಂತಿದ್ದಳು. ಆ ನಗುವಿಗಾಗಿ ನಾನು ಇನ್ನೂ ನಾಲ್ಕು ಸಲ ಸೀನಲು ಸಿದ್ಧನಿದ್ದೆ.

ಅವತ್ತೇ ಸಂಜೆ ಪಂಪಣ್ಣನವರು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಬಕ್ಕೆ ಒರಗಿ ಕೂತರು. "ಏನು ಬಂದ್ರಿ?" ಎಂದೆ.

"ಕಟ್ಟಿ ಹೋತಲ್ರಿ ಸಾಹೇಬ್ರ. ಇದು ಸಂಘದ ಕಚೇರಿ, ನಾನು ಸಂಘದ ಮೆಂಬರು. ನೀವ ಬರದೀರಿ."

ವಾರ ಕಳೆಯುವುದರೊಳಗೆ ಮೂವತ್ತು ಜನರಾದರು. ನಳ ಮನೆಯಲ್ಲೇ ಇದ್ದುದರಿಂದ ಚಹಾಕ್ಕೂ ತೊಂದರೆಯಿರಲಿಲ್ಲ. ಕಚೇರಿಯನ್ನು ಬೇರೆ ಕಡೆ ಒಯ್ಯುವ ಠರಾವನ್ನು ತಿಂಗಳು ತಿಂಗಳೂ ಮಂಡಿಸಿದೆ. ಪರವಾಗಿ ಎದ್ದದ್ದು ಒಂದೇ ಕೈ, ನನ್ನದು. ಕೋರಂ ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ಒಂದು ಸಂಜೆ ನನ್ನದೇ ಪಡಸಾಲೆಯಲ್ಲಿ ನನಗೆ ಕೂರಲು ಜಾಗ ಸಿಗದೆ ಹೊರಗೆ ಬಂದೆ. ಹಿತವಾದ ಗಾಳಿ ಬೀಸುತ್ತಿತ್ತು. ಗೇಟಿನಾಚೆ ಎರಡು ಕಲ್ಲು ಜೋಡಿಸಿ, ಮೇಲೊಂದು ಚಪ್ಪಡಿ ಹಾಕಿ, ಇನ್ನೇನು ಕೂರಬೇಕು, ಅಷ್ಟರಲ್ಲಿ ಕಿಟಕಿಯಿಂದ ಪಂಪಣ್ಣನವರ ದನಿ ಕೇಳಿಸಿತು:

"ಸೆಕ್ರೆಟ್ರಿ ಸಾಹೇಬ್ರ, ಏಳ್ರಿ ಏಳ್ರಿ, ಅದು ರಸ್ತಿ ಐತಿ!"