ಹಚ್ಚಿದೆನೋ, ಬಾರಿಸಿದೆನೋ

ನಮ್ಮ ಕಲಬುರಗಿ ಸೀಮೆಯಲ್ಲಿ ‘ಹಚ್ಚು’ ಎಂಬ ಒಂದೇ ಒಂದು ಮಾತು ಬಂದರೆ ಸಾಕು, ಅರ್ಧ ಸಂಸಾರ ನಡೆದುಹೋಗುತ್ತದೆ. ದೀಪ ಹಚ್ಚುತ್ತೇವೆ, ಒಲೆ ಹಚ್ಚುತ್ತೇವೆ, ಟೀವಿ ಹಚ್ಚುತ್ತೇವೆ, ಊರಿನಲ್ಲಿರುವ ತಂಗಿಗೆ ಫೋನು ಹಚ್ಚುತ್ತೇವೆ, ಮೊಣಕಾಲಿಗೆ ಮುಲಾಮು ಹಚ್ಚುತ್ತೇವೆ, ಹೊತ್ತು ಹೋಗದಿದ್ದರೆ ಆರಾಮವಾಗಿರುವ ಇಬ್ಬರ ನಡುವೆ ಜಗಳವನ್ನೂ ಹಚ್ಚುತ್ತೇವೆ. ಇಷ್ಟೊಂದು ದುಡಿಯುವ ಶಬ್ದದ ಮೇಲೆ ನನಗೆ ಗೌರವವೇ ಇತ್ತು. ಆದರೆ ಹೋದ ವರ್ಷ ಅದೇ ಶಬ್ದ ನನ್ನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಎಂಥ ಗೊಂದಲಕ್ಕೆ ಕೆಡವಿತೆಂದರೆ, ಆ ದಿನ ನಾನು ಹಚ್ಚಿದೆನೋ ಬಾರಿಸಿದೆನೋ ಎಂಬುದು ಇವತ್ತಿಗೂ ನನಗೆ ತಿಳಿಯದು. ಹೇಳಿಕೇಳಿ ನಾನು ಗಣಿತದ ಟೀಚರು. ಉತ್ತರ ಸಿಗದ ಲೆಕ್ಕವನ್ನು ಇಷ್ಟು ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದು ಇದೇ ಮೊದಲು.

ಬುಡದಿಂದಲೇ ಹೇಳುತ್ತೇನೆ. ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ನನ್ನ ನೌಕರಿ. ವಯಸ್ಸು ನಲವತ್ತೇಳು. ನಮ್ಮ ಮನೆಯವರು ವಾಡಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡು. ಮನೆಯಲ್ಲಿ ಇನ್ನೊಬ್ಬರೆಂದರೆ ನಮ್ಮ ಅತ್ತೆ. ಆನ್‌ಲೈನ್ ಪಾಠದ ಕಾಲಕ್ಕೆ ಕೊಂಡ ಲ್ಯಾಪ್‌ಟಾಪು, ಶಾಲೆ ಮತ್ತೆ ಸುರುವಾದ ಮೇಲೆ ಮೂಲೆ ಸೇರಿತ್ತು. ಒಂದು ರವಿವಾರ ಅದರಲ್ಲಿ ಏನನ್ನೋ ಹುಡುಕಲು ಹೋಗಿ ಎಲೆಕ್ಟ್ರಾನಿಕ್ ಸಂಗೀತದ ಒಂದು ಪಾಠದ ವಿಡಿಯೋ ನೋಡಿದೆ, ಅಲ್ಲಿಂದ ಕೆಟ್ಟೆ. ಈ ಸಂಗೀತಕ್ಕೆ ವೀಣೆ, ತಬಲಾ ಯಾವುದೂ ಬೇಡ. ಕಿವಿಗೆ ಬಿದ್ದ ಯಾವ ಸದ್ದನ್ನಾದರೂ ಹಿಡಿದು ಕಂಪ್ಯೂಟರಿನೊಳಗೆ ಹಾಕಿ, ಕತ್ತರಿಸಿ, ಹಿಗ್ಗಿಸಿ, ಹದಿನಾರು ರಬ್ಬರಿನ ಚೌಕಗಳಿರುವ ಒಂದು ಸಣ್ಣ ಹಲಗೆಗೆ ಜೋಡಿಸಿದರಾಯಿತು. ಯಾವ ಚೌಕವನ್ನು ಬಡಿಯುತ್ತೀರೋ ಆ ಸದ್ದು ಬರುತ್ತದೆ. ನನ್ನ ಹಲಗೆಯಲ್ಲಿ ಶಹಾಬಾದಿನ ಕಲ್ಲು ಕೊಯ್ಯುವ ಯಂತ್ರದ ಮೊರೆತವಿತ್ತು, ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಹೇಳುವ ಮೊದಲು ಬರುವ ಟಿಂಗ್‌ಟಾಂಗ್ ಇತ್ತು, ಸೇಡಂ ಬಸ್ಸಿನ ಕಂಡಕ್ಟರರ ಸೀಟಿ ಇತ್ತು. ತಾಳಕ್ಕೆ ಅತ್ತೆಯ ಜೋಳದ ರೊಟ್ಟಿ. ಅವರು ಹಿಟ್ಟು ನಾದುವ ಮರದ ಕೊಮ್ಮಣಿಗೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎಷ್ಟು ಒಂದೇ ಸಮ ಇರುತ್ತದೆ ಎಂದರೆ, ಕಂಪ್ಯೂಟರೇ ತನ್ನ ಗಡಿಯಾರವನ್ನು ಅವರಿಗೆ ಹೊಂದಿಸಿಕೊಳ್ಳಬೇಕು.

ಅತ್ತೆಗೆ ಈ ಹಲಗೆಯ ಪರಿಚಯವಾದದ್ದು ಬೇರೆ ರೀತಿ. ಅದು ಮನೆಗೆ ಬಂದ ದಿನ, ಬಿಸಿ ಪಾತ್ರೆ ಇಡುವ ರಬ್ಬರಿನ ಮಣೆ ಎಂದು ತಿಳಿದು ಅದರ ಮೇಲೆ ಹಾಲಿನ ಪಾತ್ರೆ ಇಟ್ಟರು. ಎಡಗಡೆಯ ಕೆಳಗಿನ ಚೌಕ ಅಂದಿನಿಂದ ಮುದುಡಿಕೊಂಡಿದೆ. ಎರಡು ಸಲ ಬಡಿದರೆ ಒಂದು ಸಲ ಮಾತಾಡುತ್ತದೆ. ಹಾಲು ನಮ್ಮ ಅತ್ತೆಯ ಜೀವನದ ಮುಖ್ಯ ವಿಷಯ. ಅವರ ಕಣ್ಣೆದುರು ಲೋಕದಲ್ಲಿ ಎಲ್ಲಿಯೂ ಹಾಲು ಉಕ್ಕುವಂತಿಲ್ಲ. ಬೀಗರ ಮನೆಯಲ್ಲಿರಲಿ, ದವಾಖಾನೆಯ ಕ್ಯಾಂಟೀನಿನಲ್ಲಿರಲಿ, ಹಾಲು ಮೇಲೆದ್ದರೆ ಅವರು ಕೂಗುವುದು ಒಂದೇ ಮಾತು: “ಏ ಸುವರ್ಣಾ, ಹಾಲ್ ಉಕ್ಕಾಕತ್ತಾವ!” ನಾನು ಅಲ್ಲಿ ಇದ್ದೇನೋ ಇಲ್ಲವೋ ಎಂಬ ವಿಚಾರ ಆಮೇಲಿನದು.

ಹೀಗಿರುವಾಗ ನಮ್ಮ ಹೆಡ್‌ಮಾಸ್ತರರು ನಿವೃತ್ತರಾಗುವ ದಿನ ಬಂತು. ಅವರ ಊರು ಸೇಡಂ, ಬೀಳ್ಕೊಡುಗೆಯೂ ಅಲ್ಲಿಯೇ ಎಂದು ಗೊತ್ತಾಯಿತು. ಒಮ್ಮೆ ನನ್ನ ಫೋನಿನಲ್ಲಿ ರೊಟ್ಟಿಯ ತಾಳ ಕೇಳಿ ತಲೆದೂಗಿದ್ದವರು, ಸ್ಟಾಫ್ ರೂಮಿಗೆ ಬಂದು, “ಮೇಡಂ, ಶಾಲು, ಹಾರ ಏನೂ ಬ್ಯಾಡ್ರಿ. ನಿಮ್ಮ ಆ ಕರೆಂಟಿನ ಸಂಗೀತ ಒಂದು ಇರ್ಲಿ, ಭಾಳ ಖುಷಿ ಆಗ್ತದ” ಎಂದರು. ನನಗೆ ಕಣ್ಣು ಒದ್ದೆಯಾಗುವಷ್ಟರಲ್ಲಿ ನಮ್ಮ ಪಿ.ಟಿ. ಮಾಸ್ತರು ಭೀಮಾಶಂಕರ ಬಾಯಿ ಹಾಕಿದರು.

“ಅದ್ರಾಗೇನದ ಸರ್, ಮೇಡಂ ಪೆನ್ ಡ್ರೈವ್ ಕೊಡ್ಲಿ. ಹಾಡು ನಾನೇ ಹಚ್ತೀನಿ.”

“ಹಚ್ಚೋದಲ್ರಿ ಸರ್, ಬಾರ್ಸೋದು” ಎಂದೆ.

“ಲ್ಯಾಪ್‌ಟಾಪ್ ಯಾರರೆ ಬಾರಸ್ತಾರೇನ್ರಿ? ಗುಂಡಿ ಒತ್ತಿದ್ರ ಹಾಡು ಬರ್ತದಂದ್ರ ಅದು ಹಚ್ಚಿದಾಂಗೇ ಆತಲ್ಲ.”

ಬಾರಿಸುವುದೆಂದರೆ ನಮ್ಮಲ್ಲಿ ಚರ್ಮದ ಹಲಗೆ, ಡೊಳ್ಳು, ಗಂಟೆ, ಮತ್ತು ಸಿಟ್ಟು ಬಂದಾಗ ಕಪಾಳ. ನಾಲ್ಕನೆಯದು ನೆನಪಿಗೆ ಬಂದರೂ ತಡೆದುಕೊಂಡೆ. ಆದರೆ ನಾಲಿಗೆ ತಡೆಯಲಿಲ್ಲ. “ನೋಡ್ರಿ ಸರ್, ಎಲ್ಲಾರ ಮುಂದ ಹೇಳಾಕತ್ತೀನಿ. ನನ್ನ ಕೈಲೆ ಬಾರ್ಸೇ ತೋರಸ್ತೀನಿ. ನಾ ಹಚ್ಚಿದ್ದು ಖರೇ ಆದ್ರ, ಮತ್ತ ಆ ಹಲಗಿ ಮುಟ್ಟಂಗಿಲ್ಲ” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭೀಮಾಶಂಕರ ಮಾಸ್ತರು ಸೀಟಿ ಊದಲಿಲ್ಲ ಅಷ್ಟೇ, ಉಳಿದಂತೆ ಪಂದ್ಯ ಸುರುವಾದ ಹಾಗೆಯೇ ಆಯಿತು.

ಅಲ್ಲಿಂದ ನನ್ನ ಕೈ ನಡುಗತೊಡಗಿತು. ಇಪ್ಪತ್ತೆರಡು ವರ್ಷ ಮಕ್ಕಳ ಮುಂದೆ ನಿಂತು ಪ್ರಮೇಯ ಬಿಡಿಸಿದವಳಿಗೆ ಸಭೆಯ ಹೆದರಿಕೆ ಯಾಕೆ ಎಂದು ನೀವು ಕೇಳಬಹುದು. ತರಗತಿಯಲ್ಲಿ ತಪ್ಪಿದರೆ ಒರೆಸಲು ಡಸ್ಟರ್ ಇರುತ್ತದೆ. ಸದ್ದನ್ನು ಒರೆಸುವುದು ಹೇಗೆ? ಉಪದೇಶಕ್ಕೇನೂ ಕೊರತೆಯಾಗಲಿಲ್ಲ. ನಮ್ಮ ಮನೆಯವರು, “ಐವತ್ತೆಂಟು ಡಬ್ಬಿ ಗಾಡಿ ನನ್ನ ಒಂದು ಹಸಿರು ಝೆಂಡಾ ಮ್ಯಾಲೆ ಹೊಂಟದ. ನಾ ನಡುಗ್ತೀನೇನು?” ಎಂದರು. ಝೆಂಡಾ ನಡುಗಿದರೂ ಅದು ಗಾಳಿಗೆ ಎಂದು ಜನ ತಿಳಿಯುತ್ತಾರೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅತ್ತೆ ಮಾತ್ರ, “ಹೆದರಿಕಿ ಅನ್ನೋದು ಹೊಟ್ಟ್ಯಾಗ ಇರ್ತದವ್ವಾ. ಮ್ಯಾಲೆ ಎರಡು ರೊಟ್ಟಿ ಹಾಕು, ತಳಕ್ಕ ಕುಂದರ್ತದ” ಎಂದರು. ಹಾಕಿದೆ. ಕುಳಿತುಕೊಳ್ಳಲಿಲ್ಲ. ರೊಟ್ಟಿಯ ಮೇಲೆ ಏರಿ ಎದೆಗೆ ಬಂತು.

ಈಗ ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ. ಹೆದರಿಕೆ ತಾಳಲಾರದೆ, ಒಂದು ವೇಳೆ ಬೆರಳು ಕೈಕೊಟ್ಟರೆ ಇರಲಿ ಎಂದು, ಮನೆಯಲ್ಲಿ ಚೆನ್ನಾಗಿ ಬಾರಿಸಿದ್ದನ್ನು ಒಂದು ದಿನ ರೆಕಾರ್ಡು ಮಾಡಿಕೊಂಡೆ. ಕಂಪ್ಯೂಟರಿನ ಒಳಗೊಳಗೇ ರೆಕಾರ್ಡು ಮಾಡುವ ವಿದ್ಯೆ ನನಗಿನ್ನೂ ಬಂದಿರಲಿಲ್ಲ. ಫೋನನ್ನು ಸ್ಪೀಕರಿನ ಮುಂದೆ ಇಟ್ಟು ಹಿಡಿದು, ಆಮೇಲೆ ಲ್ಯಾಪ್‌ಟಾಪಿಗೆ ಸೇರಿಸಿಕೊಂಡೆ. ಅದು ಅಡುಗೆಮನೆಯ ಪಕ್ಕದ ಕೋಣೆ. ಮೂರನೆಯ ನಿಮಿಷಕ್ಕೆ, ಸೀಟಿ ಮತ್ತು ರೊಟ್ಟಿ ಕೂಡುವ ಅತಿ ಚಂದದ ಜಾಗದಲ್ಲಿ, “ಏ ಸುವರ್ಣಾ, ಹಾಲ್ ಉಕ್ಕಾಕತ್ತಾವ!” ಎಂಬ ಅತ್ತೆಯ ಕೂಗು ಸೇರಿಕೊಂಡಿತು. ಅದನ್ನು ಕತ್ತರಿಸಲು ನೋಡಿದೆ, ತಾಳ ಕುಂಟತೊಡಗಿತು. ಹೇಗೂ ಬೇಕಾಗುವುದಿಲ್ಲ ಎಂದು ಹಾಗೆಯೇ ಬಿಟ್ಟೆ. ನೆನಪಿಗೆ ಸುಲಭವಾಗಲೆಂದು ಕೀಬೋರ್ಡಿನ ಕೀಲಿಗಳನ್ನೂ ಗೊತ್ತುಮಾಡಿದೆ: ಬಾರಿಸುವುದಕ್ಕೆ ‘ಬಿ’, ಹಚ್ಚುವುದಕ್ಕೆ ‘ಎಚ್’. ಬಿ ಒತ್ತಿದರೆ ಹಲಗೆಗೆ ಜೀವ ಬರುತ್ತದೆ. ಎಚ್ ಒತ್ತಿದರೆ ರೆಕಾರ್ಡು ಓಡುತ್ತದೆ, ಹಲಗೆ ಸತ್ತ ಹಾಗೆ ಬಿದ್ದಿರುತ್ತದೆ. ಎರಡರಲ್ಲೂ ಮೊದಲು ಬರುವುದು ಅದೇ ಶಹಾಬಾದಿನ ಯಂತ್ರದ ಮೊರೆತ. ಇಷ್ಟೆಲ್ಲ ಬುದ್ಧಿ ಓಡಿಸಿದವಳಿಗೆ, ಆ ಎರಡು ಕೀಲಿಗಳು ಒಂದರ ತಲೆಯ ಮೇಲೊಂದು ಕುಳಿತಿವೆ ಮತ್ತು ಆನ್‌ಲೈನ್ ಪಾಠದ ಕಾಲದಲ್ಲೇ ಅವುಗಳ ಮೇಲಿನ ಅಕ್ಷರ ಅಳಿಸಿಹೋಗಿದೆ ಎಂಬುದು ಮಾತ್ರ ಲಕ್ಷ್ಯಕ್ಕೆ ಬರಲಿಲ್ಲ.

ಸೇಡಂನಲ್ಲಿ ಕಾರ್ಯಕ್ರಮ ನಡೆದದ್ದು ಹೆಡ್‌ಮಾಸ್ತರರ ಮನೆಯ ಮುಂದಿನ ಬಯಲಲ್ಲಿ, ಶಾಮಿಯಾನಾದ ಕೆಳಗೆ, ಹನ್ನೊಂದು ಗಂಟೆಗೆ. ಒಂದು ಬದಿಗೆ ಚಹಾದ ಒಲೆ, ಅದರ ಮೇಲೆ ದೊಡ್ಡ ಪಾತ್ರೆಯಲ್ಲಿ ಹಾಲು. ಮುಂದಿನ ಸಾಲಿನಲ್ಲಿ ಅತ್ತೆ, ಅವರ ಬಾಜೂ ನಮ್ಮ ಮನೆಯವರು, ಅವರ ಹಿಂದೆ ಕೈಕಟ್ಟಿ ಕುಳಿತ ಭೀಮಾಶಂಕರ ಮಾಸ್ತರು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ತೀರಿಕೊಂಡಿದೆ, ವೈರಿನ ಮೇಲೆಯೇ ಅದರ ಪ್ರಾಣ. ಆ ವೈರು ವೇದಿಕೆಯಿಂದ ಇಳಿದು ಒಲೆಯ ಹಾದಿಯಲ್ಲೇ ಮಲಗಿತ್ತು. ನಿರೂಪಣೆ ಮಾಡುತ್ತಿದ್ದ ಮೇಡಂ, “ಈಗ ಸುವರ್ಣಾ ಟೀಚರ್ ಅವರು ಹಾಡು ಹಚ್ಚುತ್ತಾರೆ” ಎಂದರು. ಹಿಂದಿನಿಂದ ಯಾರೋ ಕೆಮ್ಮಿದರು. ಯಾರೆಂದು ನೋಡುವ ಅಗತ್ಯವಿರಲಿಲ್ಲ.

ಶಾಮಿಯಾನಾದ ತೂತಿನಿಂದ ಬಿಸಿಲು ಸರಿಯಾಗಿ ಪರದೆಯ ಮೇಲೆ ಬಿದ್ದು ಏನೂ ಕಾಣಿಸದು. ಬೆರಳು ಅಂದಾಜಿನ ಮೇಲೆ ಒಂದು ಕೀಲಿ ಒತ್ತಿತು. ಮೊರೆತ ಎದ್ದಿತು. ಬಿ ಒತ್ತಿದೆನೇ, ಎಚ್ ಒತ್ತಿದೆನೇ? ಕೈ ತಾನಾಗಿಯೇ ಹಲಗೆಯ ಮೇಲೆ ಬಿತ್ತು, ರೊಟ್ಟಿ ಬಡಿಯಿತು, ಟಿಂಗ್‌ಟಾಂಗ್ ಎಂದಿತು, ಸೀಟಿ ಊದಿತು. ಎಲ್ಲವೂ ಸರಿಯಾಗಿ ಬರುತ್ತಿತ್ತು. ಅದೇ ಅನುಮಾನ. ಇಷ್ಟು ಸರಿಯಾಗಿ ನಾನು ಎಂದಾದರೂ ಬಾರಿಸಿದ್ದೇನೆಯೇ? ಮುದುಡಿದ ಚೌಕ ಕೂಡ ಒಂದೇ ಏಟಿಗೆ ಮಾತಾಡಿದ ಹಾಗಿತ್ತು. ಸ್ಪೀಕರಿನ ಬಾಯಿ ಜನರ ಕಡೆಗೆ. ನನಗೆ ಕೇಳುತ್ತಿದ್ದದ್ದು ಎದುರಿನ ಮನೆಯ ಗೋಡೆಗೆ ಬಡಿದು ಬಂದದ್ದು. ಪರೀಕ್ಷಿಸಲು ಸುಲಭ ಉಪಾಯವಿತ್ತು: ಒಂದು ಕ್ಷಣ ಕೈ ಎತ್ತುವುದು. ಸದ್ದು ನಿಂತರೆ ಬಾರಿಸುತ್ತಿದ್ದೇನೆ, ಆದರೆ ನಡುವೆ ನಿಲ್ಲಿಸಿದ ಹಾಗಾಯಿತು. ನಿಲ್ಲದಿದ್ದರೆ ಹಚ್ಚಿದ್ದೇನೆ, ಅದನ್ನು ಇಡೀ ಸೇಡಂ ಕಣ್ಣಾರೆ ನೋಡುತ್ತದೆ. ಎರಡೂ ಕಡೆ ಮಾನ ಹೋಗುವ ಸಮೀಕರಣ. ಕೈ ಎತ್ತಲಿಲ್ಲ. ಈ ಲೆಕ್ಕದಲ್ಲಿ ಮುಳುಗಿದವಳಿಗೆ ಹೆದರಲು ಪುರುಸೊತ್ತೇ ಆಗಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಿಜ ಹೇಳುತ್ತೇನೆ, ಆ ಮೂರು ನಿಮಿಷ ನಾನು ಬಹಳ ಸಂತೋಷದಲ್ಲಿದ್ದೆ. ನನ್ನ ಬೆರಳ ತುದಿಯಲ್ಲಿ ಶಹಾಬಾದ, ವಾಡಿ, ಸೇಡಂ ಒಂದೇ ತಾಳಕ್ಕೆ ನಡೆಯುತ್ತಿದ್ದವು.

ಆಗ ಕೇಳಿಸಿತು: “ಏ ಸುವರ್ಣಾ, ಹಾಲ್ ಉಕ್ಕಾಕತ್ತಾವ!”

ನನ್ನ ಜೀವ ಹಾರಿತು. ಎಚ್! ಸಿಕ್ಕಿಬಿದ್ದೆ! ಕಣ್ಣೆತ್ತಿ ನೋಡಿದರೆ ಅತ್ತೆ ಕುರ್ಚಿ ಬಿಟ್ಟು ಎದ್ದು ನಿಂತು ಒಲೆಯ ಕಡೆ ಬೆರಳು ತೋರಿಸುತ್ತಿದ್ದಾರೆ. ಅಲ್ಲಿ ಪಾತ್ರೆಯಿಂದ ಹಾಲು ನಿಜವಾಗಿಯೇ ನೊರೆಯೆದ್ದು ಸುರಿಯುತ್ತಿದೆ. ಜನರಿಗೆ ಉಪ್ಪಿಟ್ಟು ಕೊಡುತ್ತಿದ್ದ ಚಹಾದ ಕಾಕಾ ತಟ್ಟೆ ಬಿಟ್ಟು ಓಡಿದರು. ಅವರ ಕಾಲಿಗೆ ನನ್ನ ವೈರು ಸಿಕ್ಕಿತು. ಲ್ಯಾಪ್‌ಟಾಪ್ ಕಣ್ಣುಮುಚ್ಚಿತು. ನನ್ನ ಕೈ ಮಾತ್ರ ಇನ್ನೂ ನಾಲ್ಕು ಏಟು ಬರೀ ರಬ್ಬರಿನ ಮೇಲೆ ಪಟಪಟ ಎಂದಿತು. ಮುಗಿಯಿತೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ಎದ್ದುಬಂದು, “ಆ ಹಾಲಿನ ದನಿ ನಡುವ ತಂದ್ರಲ್ಲ ಮೇಡಂ, ನಮ್ಮ ಅವ್ವನ ನೆನಪಾತು” ಎಂದು ಕಣ್ಣೊರೆಸಿಕೊಂಡರು.

ಈಗ ಹೇಳಿ. ಅತ್ತೆ ಕೂಗಿದ್ದು ಸ್ವತಃ. ಅದು ಸರಿ. ಆದರೆ ಅದೇ ಮೂರನೆಯ ನಿಮಿಷಕ್ಕೆ ರೆಕಾರ್ಡಿನ ಅತ್ತೆಯೂ ಕೂಗಿದ್ದರೆ? ದನಿ ಒಂದು ಬಂತೋ ಎರಡು ಬಂತೋ? ನಮ್ಮ ಮನೆಯವರಿಗೆ ಒಂದೇ ಕೇಳಿಸಿತಂತೆ. ಆದರೆ ಅವರು ಆಗ ಉಪ್ಪಿಟ್ಟು ತಿನ್ನುತ್ತಿದ್ದರು. ಭೀಮಾಶಂಕರ ಮಾಸ್ತರರನ್ನು ಕೇಳಿದರೆ, ತಲೆ ಕೆರೆದುಕೊಂಡು, “ಒಂದು ದನಿ ಸ್ಪೀಕರ್‌ನಾಗಿಂದ ಬಂದಾಂಗಿತ್ತು, ಒಂದು ಬಾಜೂಕಿಂದ. ಇಲ್ಲಾ ಒಂದೇ ಇರಬಹುದ್ರಿ. ಖರೇ ಹೇಳ್ಬೇಕಂದ್ರ ನಾನೂ ಹಾಲೇ ನೋಡಾಕತ್ತಿದ್ದೆ” ಎಂದರು. ವಾದ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಕಡೆಗೆ ಅತ್ತೆಯನ್ನೇ ಕೇಳಿದೆ: “ಅತ್ತಿ, ನೀವು ಒದರಿದಾಗ ಮತ್ತೊಂದು ಸಲ ನಿಮ್ಮ ದನಿ ಕೇಳಿಸ್ತೇನು?”

“ನಾ ಒದರೂ ಮುಂದ ನನಗ ಮತ್ತೊಬ್ರ ದನಿ ಹ್ಯಾಂಗ ಕೇಳಸ್ಬೇಕು?” ಎಂದರು. “ನೀ ಹಚ್ಚಿದ್ಯೋ ಬಾರ್ಸಿದ್ಯೋ ನಿನಗ ಗೊತ್ತು. ನಾ ಅಂತೂ ಬಾಯಿಲೇ ಒದರೀನಿ.”

ನನಗೇ ಗೊತ್ತಿಲ್ಲ ಎಂಬುದೇ ನನ್ನ ಸಂಕಟ. ಆ ಮೂರು ನಿಮಿಷದ ಸಂತೋಷ ನನ್ನ ಕೈಯ ಸಂಪಾದನೆಯೋ, ಫೋನು ಹಿಡಿದಿಟ್ಟ ಹಳೆಯ ಸಂತೋಷದ ಮೇಲೆ ಕೈ ಆಡಿಸಿದ್ದೋ ಎಂದು ನೆನೆದಾಗಲೆಲ್ಲ ಅದೇ ಲೆಕ್ಕವನ್ನು ಬುಡದಿಂದ ಮತ್ತೆ ಬಿಡಿಸಲು ಕೂರುತ್ತೇನೆ. ಹಲಗೆಯನ್ನು ಮುಟ್ಟಬಹುದೋ ಬಾರದೋ ಅದೂ ತಿಳಿಯದೆ ಎರಡು ತಿಂಗಳು ಬಟ್ಟೆ ಮುಚ್ಚಿಟ್ಟೆ. ಅಷ್ಟರಲ್ಲಿ ಶಹಾಬಾದಿನ ಒಂದು ಮಹಿಳಾ ಸಂಘದವರು ಫೋನು ಹಚ್ಚಿದರು: ಕಾರ್ಯಕ್ರಮ ಕೊಡಬೇಕು, ಆದರೆ ಹಾಲು ಉಕ್ಕಿತೆಂದು ಕೂಗುವ ಅಜ್ಜಿಯೂ ಬರಬೇಕು. ನಾನು ಕೂತು ಗಣಿತದ ಪ್ರಕಾರ ಲೆಕ್ಕ ಹಾಕಿದೆ. ಹಚ್ಚಿರುವ ಸಂಭವ ಅರ್ಧ, ಬಾರಿಸಿರುವ ಸಂಭವ ಅರ್ಧ. ಆದ್ದರಿಂದ ಹದಿನಾರು ಚೌಕದಲ್ಲಿ ನಾನು ಎಂಟನ್ನು ಮಾತ್ರ ಮುಟ್ಟಬೇಕು. ಉಳಿದ ಎಂಟು ಅತ್ತೆಯ ಪಾಲಿಗೆ.

ಅತ್ತೆ ಒಂದು ಮಾತು ಎದುರಾಡದೆ ಒಪ್ಪಿದರು. ಹಲಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಸೀರೆಯ ಸೆರಗು ಸಿಕ್ಕಿಸಿಕೊಂಡು, ರೊಟ್ಟಿಯ ಚೌಕವನ್ನು ಎರಡು ಸಲ ಬಡಿದು ನೋಡಿ, ನನ್ನ ಕಡೆ ತಿರುಗಿದರು.

“ಬಲಗಡೀವು ನನ್ನವು, ಆ ಮುದುಡಿದ್ದು ನಿನಗ ಇರ್ಲಿ. ನಾ ಬಾರಸ್ತಾ ಇರ್ತೀನಿ. ನೀ ಮೊದಲು ಹೋಗಿ ಒಲಿ ಹಚ್ಚು, ಹಾಲಿಡು.”

ಹೋಗಿ ಹಚ್ಚಿದೆ. ಇದನ್ನು ಹಚ್ಚಿದವಳು ನಾನೇ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.