ದೊಡ್ಡ ಗಾಲಿಯೂ ಅತ್ತೆಯ ತೂಕವೂ

ಚೀಲ ನೋಡಿಯೇ ತೂಕ ಹೇಳುವ ಒಂದು ವಿದ್ಯೆ ಬಿಟ್ಟರೆ ದೇವರು ನನಗೆ ಬೇರೇನೂ ಕೊಟ್ಟಿಲ್ಲ. ಬೈಲಹೊಂಗಲದಲ್ಲಿ ಜೋಳದ ದಲಾಲಿ ಅಂಗಡಿ ಇಟ್ಟವನಿಗೆ ಅಷ್ಟು ಸಾಕು ಎಂದು ಅವನೂ ಸುಮ್ಮನಾಗಿರಬೇಕು. ಆ ವಿದ್ಯೆಯೇ ನನ್ನ ಮಾನ ಕಳೆಯಿತು.

ಎರಡು ಸಾವಿರನೇ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಲವತ್ತು ದಾಟಿದ ಗಂಡಸರಿಗೆ ಹಿಡಿಯುವ ಹುಚ್ಚುಗಳಲ್ಲಿ ನನಗೆ ಹಿಡಿದದ್ದು ಎರಡು ಬಾಗಿಲಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನದು. ನನಗಿಂತ ಮೊದಲೇ ಕಾರು ಓಡಿಸಲು ಕಲಿತಿದ್ದ ಹೆಂಡತಿ ಬೇಡವೆಂದಿದ್ದಳು. ಆದರೂ ಕೊಂಡೆ. ಕಾರು ಊರಿನ ಪ್ರತಿ ರಸ್ತೆಯುಬ್ಬಿಗೂ ಹೊಟ್ಟೆ ತಾಗಿಸುತ್ತಿತ್ತು. "ದೊಡ್ಡ ಗಾಲಿ ಹಾಕ್ಸ್ರಿ ಸಾವಕಾರ್ರ, ಗಾಡಿ ಎತ್ತರ ಆಗತೈತಿ, ದಿಮಾಕೂ ಬರತೈತಿ" ಎಂದ ಗ್ಯಾರೇಜಿನ ಮಿಸ್ತ್ರಿ. ಹಾಕಿಸಿದೆ, ದಿಮಾಕು ಬಂತು. ಆಮೇಲೆ ಅವನು ತಲೆ ಕೆರೆದುಕೊಂಡು, "ಭಾಳ ಭಾರ ಹೇರಬ್ಯಾಡ್ರಿ. ತಿರುಗಿಸುವಾಗ ಟೈರು ಮಡಗಾರ್ಡಿಗೆ ಉಜ್ಜತೈತಿ. ಉಜ್ಜಿ ಉಜ್ಜಿ ಒಡದರೂ ಒಡೀತೈತಿ" ಎಂದ. ಇದನ್ನು ಮೊದಲೇ ಹೇಳಬಾರದಿತ್ತೇ?

ಅದೇ ವಾರ ರಾಮದುರ್ಗದಿಂದ ಅತ್ತೆ ಬಂದರು. "ಅಳಿಯಾರ, ಹೊಸಾ ಗಾಡ್ಯಾಗ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗೂಣ್ರಿ." ಗುಡ್ಡದ ತಿರುವಿನಲ್ಲಿ ಟೈರು ಒಡೆದರೆ ಮೂವರ ಗತಿಯೇನು? ಒಲ್ಲೆನೆಂದರೆ ಮನೆಯಲ್ಲಿ ನನ್ನ ಗತಿಯೇನು? ಊಟಕ್ಕೆ ಕುಳಿತ ಅತ್ತೆಯನ್ನು ಓರೆಗಣ್ಣಿನಿಂದ ಅಳೆದೆ: ಎಂಬತ್ತು ಕೆಜಿ, ಹೆಚ್ಚಾದರೆ ಎಂಬತ್ತೆರಡು. ಅವರು ಮೂರನೆಯ ಹೋಳಿಗೆಗೆ ಕೈ ಹಾಕಿದಾಗ ಎಂಬತ್ತೆರಡನ್ನೇ ಗಟ್ಟಿ ಮಾಡಿಕೊಂಡೆ. ಮರುದಿನ ಅಷ್ಟೇ ತೂಕದ ಜೋಳದ ಚೀಲವನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೆಂಡತಿಯ ಲೆಕ್ಕದ ಚೀಲವನ್ನು ಹಿಂದಿನ ಇಕ್ಕಟ್ಟು ಸೀಟಿನಲ್ಲಿಟ್ಟು, ಕಡ್ಡಿಯಂಥ ಮಿಸ್ತ್ರಿಗೆ ಕಾರು ಓಡಿಸಿ ತಿರುಗಿಸಲು ಹೇಳಿದೆ. ಹೊರಗೆ ನಿಂತು ಕಿವಿಗೊಟ್ಟೆ. ಸದ್ದಿಲ್ಲ.

ಅತ್ತೆಯನ್ನು ಪಕ್ಕದಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ನಾನೇ ಕಾರು ಓಡಿಸಿದೆ. ಗುಡ್ಡದ ಮೊದಲ ತಿರುವಿನಲ್ಲೇ ಚರ್‍ರೆಂದಿತು. ಅತ್ತೆಯ ತೊಡೆಯ ಮೇಲಿದ್ದ ನೈವೇದ್ಯದ ಬುಟ್ಟಿಯನ್ನು ಹಿಂದಕ್ಕೆ ಕೊಡಿಸಿದೆ. ಮತ್ತೆ ಚರ್‍ರ್. ಹೆದರಿಕೆಯಲ್ಲಿ ಬಾಯಿ ಜಾರಿತು: "ಎಂಬತ್ತೆರಡ ಕೆಜಿ ಚೀಲ ಇಟ್ಟಾಗ ಸಪ್ಪಳ ಬಂದಿರಲಿಲ್ಲಲ್ಲ!"

"ಅಲ್ರೀ, ನಮ್ಮವ್ವನ್ನ ಚೀಲದ ಲೆಕ್ಕದಾಗ ತೂಗೀರೇನು?" ಹಿಂದಿನಿಂದ ಹೆಂಡತಿಯ ದನಿ.

"ಗಾಡಿ ನಿಂದರಸ್ರಿ" ಎಂದರು ಅತ್ತೆ. ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಎರಡೂ ಗಾಲಿಗಳನ್ನು ಬಗ್ಗಿ ನೋಡಿದರು. ಅವರ ಕಡೆಯ ಟೈರು ಹೊಸದರಂತೆಯೇ ಇತ್ತು. ನನ್ನ ಕಡೆಯದು ತುರಿದ ಕೊಬ್ಬರಿಯಂತಾಗಿತ್ತು.

"ಅಳಿಯಾರ, ನನ್ನ ತೂಗೀರಿ, ಮಗಳನ್ನೂ ತೂಗೀರಿ. ಇರಲಿ. ನಿಮ್ಮ ಲೆಕ್ಕಕ್ಕ ಎಷ್ಟ ಚೀಲ ಇಟ್ಟಿದ್ರಿ?"

ಒಂದೂ ಇಟ್ಟಿರಲಿಲ್ಲ.

ನನ್ನನ್ನು ಇಳಿಸಿ, ಉಳಿದ ದಾರಿಯುದ್ದಕ್ಕೂ ಹೆಂಡತಿ ಕಾರು ಓಡಿಸಿದಳು. ಒಂದು ಸಪ್ಪಳವಿಲ್ಲದೆ ಅದು ಗುಡ್ಡ ಹತ್ತಿತು. ಬುಟ್ಟಿ ಹೊತ್ತು ಏದುಸಿರು ಬಿಡುತ್ತ ನಾನು ಹಿಂದೆ ನಡೆದೆ. ಬುಟ್ಟಿಯ ತೂಕ ಏಳೂವರೆ ಕೆಜಿ. ಬೇಕಾದರೆ ತಕ್ಕಡಿಗೆ ಹಾಕಿ ನೋಡಿ.